ಓಲೆ, ಹಾಳೆ, ತೆರೆ

ಕೆಲವು ದಿನಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಗೋಡೆಯುದ್ದಕ್ಕೂ ನಿಂತ ಪುಸ್ತಕದ ಕಪಾಟುಗಳನ್ನು ನೋಡಿ, ತುಸು ಸಂಕೋಚದಿಂದಲೇ, "ಸಾರ್, ಇನ್ನು ಇವೆಲ್ಲ ಏತಕ್ಕೆ? ಇವುಗಳಲ್ಲಿ ಅರ್ಧ ನನ್ನ ಫೋನಿನಲ್ಲೇ ಇವೆ" ಎಂದ. ಅವನ ಮಾತು ಸುಳ್ಳಲ್ಲ. ಹಳೆಯ ಪುಸ್ತಕದಂಗಡಿಗಳ ಧೂಳಿನಲ್ಲಿ ನಾನು ವರ್ಷಗಟ್ಟಲೆ ಹುಡುಕಿ ಕೂಡಿಸಿದ ಗ್ರಂಥಗಳನ್ನು ಅವನು ಅಂಗೈಯಗಲದ ತೆರೆಯ ಮೇಲೆ ಒಂದೊಂದಾಗಿ ತೋರಿಸಿದ. ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ತರಿಸಿ ಮಾತು ಬದಲಾಯಿಸಿದೆ.

ಅಚ್ಚಿನ ಪುಸ್ತಕದ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಹೊಸ ಹಾಳೆಯ ಪರಿಮಳವನ್ನೂ ಪುಟ ಮಗುಚುವ ಸುಖವನ್ನೂ ಮುಂದಿಡುತ್ತಾರೆ. ಅವು ನನಗೂ ಪ್ರಿಯವಾದವುಗಳೇ. ಆದರೆ ಅಭ್ಯಾಸದ ಮೋಹವನ್ನು ವಾದವೆಂದು ಕರೆಯಲಾಗದು. ಮುಪ್ಪಿನ ಕಣ್ಣಿಗೆ ಅಕ್ಷರವನ್ನು ಹಿಗ್ಗಿಸಿಕೊಡುವ, ಕಣ್ಣಿಲ್ಲದವರಿಗೆ ಓದಿ ಹೇಳುವ, ದೂರದೇಶದ ಕನ್ನಡಿಗನಿಗೆ ಕ್ಷಣಮಾತ್ರದಲ್ಲಿ ಕಾವ್ಯವನ್ನು ತಲುಪಿಸುವ ಸಾಧನವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಕೆಲವು ಬಗೆಯ ಪುಸ್ತಕಗಳು ಆಗಲೇ ತೆರೆಗೆ ಸ್ಥಳ ಬಿಟ್ಟುಕೊಟ್ಟಿವೆ. 32 ಸಂಪುಟಗಳ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಇನ್ನು ಮುಂದೆ ಅಚ್ಚಾಗುವುದಿಲ್ಲವೆಂದು 2012ರಲ್ಲಿ ಪ್ರಕಟವಾಯಿತು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು 1700ಕ್ಕೂ ಮಿಕ್ಕಿದ ಪುಟಗಳ ಹೆಗ್ಗ್ರಂಥ. ಒಂದು ಪದಕ್ಕಾಗಿ ಅದನ್ನು ಎತ್ತಿ ಇಳಿಸಿದವರಿಗೆ ತೆರೆಯ ಮೇಲಿನ ಹುಡುಕಾಟ ಎಷ್ಟು ದೊಡ್ಡ ಉಪಕಾರವೆಂಬುದು ತಿಳಿದೀತು.

ವಾಸ್ತವವಾಗಿ ಬರಹದ ಪಾತ್ರೆ ಬದಲಾಗುವುದು ಕನ್ನಡಕ್ಕೆ ಹೊಸತೇನಲ್ಲ. ನಮ್ಮವರು ಕಲ್ಲಿನಲ್ಲಿ ಕೆತ್ತಿದರು, ತಾಳೆಯ ಗರಿಯಲ್ಲಿ ಕೊರೆದರು. ಹುಣಿಸೆಬೀಜದ ಅಂಟಿನೊಡನೆ ಇದ್ದಲಿನ ಪುಡಿ ಬೆರೆಸಿ ಬಳಿದ ಬಟ್ಟೆಯನ್ನು ಕಡತವಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆದರು. ಆಮೇಲೆ ಕಾಗದ ಬಂದಿತು. 1843ರಲ್ಲಿ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಟಿತು. ಒಂದು ಬಂದೊಡನೆ ಮತ್ತೊಂದು ಮಾಯವಾಗಲಿಲ್ಲ. ಬಹುಕಾಲ ಜೊತೆಜೊತೆಯಾಗಿ ನಡೆದು, ಕೊನೆಗೆ ಒಂದೊಂದೂ ತನಗೆ ಒಗ್ಗುವ ಕೆಲಸವನ್ನು ಉಳಿಸಿಕೊಂಡಿತು. ಕಾಗದ ಬಂದು ಎಷ್ಟೋ ಕಾಲವಾದ ಮೇಲೂ ನಾವು ಶಂಕುಸ್ಥಾಪನೆಯ ಮಾತನ್ನು ಕಲ್ಲಿನಲ್ಲಿಯೇ ಬರೆಯಿಸುತ್ತೇವಷ್ಟೆ!

ಹಾಗಾದರೆ ಚಿಂತೆಗೆ ಕಾರಣವೇ ಇಲ್ಲವೆ? ಇದೆ. ಪಾತ್ರೆ ಬದಲಾಗುವಾಗ ಸುರಿಯದೆ ಉಳಿದದ್ದು ಚೆಲ್ಲಿಹೋಗುತ್ತದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ತನಗಿಂತ ಹಿಂದಿನ ಗದ್ಯಕಾರರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯದ ಒಂದು ಪುಟವೂ ನಮಗೆ ದೊರೆತಿಲ್ಲ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳೂ ಪೂರ್ಣವಾಗಿ ಉಳಿದು ಬಂದಿಲ್ಲ. ನೀರು, ಬೆಂಕಿ, ಗೆದ್ದಲು, ಉಪೇಕ್ಷೆ, ಇವುಗಳಲ್ಲಿ ಯಾವುದು ಕಾರಣವಾಯಿತೋ ಬಲ್ಲವರಾರು? ಹಳೆಯ ಗರಿ ಹುಡಿಯಾಗುವ ಮುನ್ನ ಹೊಸ ಗರಿಯ ಮೇಲೆ ಪ್ರತಿ ಎತ್ತುವ ಕೈಯೊಂದು ಬೇಕಾಗಿತ್ತು. ಆ ಕೈ ಅಂದು ಒದಗಲಿಲ್ಲ.

ಆ ಕೈಯ ಬೆಲೆಯನ್ನು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತವಳು ಅತ್ತಿಮಬ್ಬೆ. ರನ್ನನು 993ರಲ್ಲಿ 'ಅಜಿತಪುರಾಣ'ವನ್ನು ರಚಿಸಿದ್ದು ಈ ತಾಯಿಯ ಆಶ್ರಯದಲ್ಲಿ. ಆಕೆ ಪೊನ್ನನ 'ಶಾಂತಿಪುರಾಣ'ಕ್ಕೆ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಅಕ್ಷರವನ್ನೂ ಗರಿಯ ಮೇಲೆ ಕೊರೆಯಿಸಿ ಸಾವಿರ ಪ್ರತಿಗಳು! ಒಂದೇ ಭಂಡಾರದಲ್ಲಿ ಭದ್ರಪಡಿಸುವುದಕ್ಕಿಂತ ಸಾವಿರ ಕೈಗಳಿಗೆ ಒಪ್ಪಿಸುವುದೇ ಗ್ರಂಥರಕ್ಷಣೆಯೆಂದು ಆಕೆ ಕಂಡುಕೊಂಡಿದ್ದಳೆಂದು ತೋರುತ್ತದೆ. ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ.

ಪ್ರತಿ ಎತ್ತುವ ಶ್ರಮವನ್ನು ಹೊಸ ಯಂತ್ರ ಇಲ್ಲವೆನಿಸುವಷ್ಟು ಇಳಿಸಿದೆ, ನಿಜ. ಆದರೆ ಅದಕ್ಕೂ ತನ್ನದೇ ಆದ ಗೆದ್ದಲುಂಟು. 1990ರ ದಶಕದ ಕೊನೆಯಲ್ಲಿ ನಾನು ಹಳಗನ್ನಡ ಗದ್ಯವನ್ನು ಕುರಿತ ಉಪನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಸಿ ಫ್ಲಾಪಿಗಳಲ್ಲಿ ಇರಿಸಿದ್ದೆ. ಈಚೆಗೆ ಬೇಕಾದಾಗ ಅವುಗಳನ್ನು ತೆರೆಯುವ ಯಂತ್ರವೇ ಸುಲಭವಾಗಿ ಸಿಗಲಿಲ್ಲ. ಹೇಗೋ ಒಂದನ್ನು ತೆರೆಸಿದರೆ, ಕನ್ನಡದ ಬದಲು ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ರಾಶಿ! ಅಂದಿನ ಕನ್ನಡ ಫಾಂಟುಗಳು ತಮ್ಮ ತಮ್ಮದೇ ಸಂಕೇತಗಳನ್ನು ಅನುಸರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಎಲ್ಲ ಯಂತ್ರಗಳಿಗೂ ಸಮಾನವಾದ ಯುನಿಕೋಡ್ ಕ್ರಮದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ನಿತ್ಯದ ಬಳಕೆಗೆ ಬರಲು ವರ್ಷಗಳೇ ಹಿಡಿದವು. ಅದೇ ಕಪಾಟಿನಲ್ಲಿ ನನ್ನ ಗುರುಗಳು ಮಸಿಯಲ್ಲಿ ಬರೆದುಕೊಟ್ಟ ಟಿಪ್ಪಣಿ ಮಾತ್ರ ಇಂದಿಗೂ ಸ್ಪಷ್ಟವಾಗಿದೆ.

ಇದು ನನ್ನೊಬ್ಬನ ಅಜಾಗರೂಕತೆಯೆನ್ನೋಣವೆ? ಇಂಗ್ಲೆಂಡಿನಲ್ಲಿ 1086ರಲ್ಲಿ ಸಿದ್ಧವಾದ 'ಡೂಮ್ಸ್‌ಡೇ' ಎಂಬ ಭೂದಾಖಲೆಯ ಗ್ರಂಥವಿದೆ. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ ಬಿಬಿಸಿ 1986ರಲ್ಲಿ ಅಂದಿನ ದೇಶಜೀವನವನ್ನೆಲ್ಲ ಲೇಸರ್ ತಟ್ಟೆಗಳಲ್ಲಿ ಸಂಗ್ರಹಿಸಿತು. ಹದಿನೈದು ವರ್ಷಗಳು ಕಳೆಯುವಷ್ಟರಲ್ಲಿ ಅವುಗಳನ್ನು ಓದುವ ಯಂತ್ರಗಳು ಅಪರೂಪವಾಗಿ, ಸಂಗ್ರಹವನ್ನು ಬಿಡಿಸಿಕೊಳ್ಳಲು ತಜ್ಞರು ಹೆಣಗಬೇಕಾಯಿತು. ಒಂಬೈನೂರು ವರ್ಷದ ಚರ್ಮದ ಹಾಳೆಗಳು ಎಂದಿನಂತೆಯೇ ಇದ್ದವು. ಇನ್ನೊಂದು ಬಗೆಯ ಅಪಾಯವೂ ಉಂಟು. 2009ರಲ್ಲಿ ಹಕ್ಕಿನ ತಕರಾರೊಂದು ಎದ್ದಾಗ, ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಅಮೆಜಾನ್ ಕಂಪನಿ ಕೊಂಡವರ ಕಿಂಡಲ್‌ಗಳಿಂದ ದೂರದಲ್ಲಿದ್ದುಕೊಂಡೇ ಅಳಿಸಿತು. ಹಣವನ್ನೇನೋ ಹಿಂದಿರುಗಿಸಿತು. ಆದರೆ ಹಣ ಹಿಂದಿರುಗಿಸಿದೆನೆಂದು ನಮ್ಮ ಕಪಾಟಿಗೆ ಕೈಹಾಕಿ ಪುಸ್ತಕವನ್ನು ಒಯ್ಯುವ ಅಂಗಡಿಯವರನ್ನು ನಾವು ಕಂಡಿದ್ದೇವೆಯೆ?

ಆದ್ದರಿಂದ ತೆರೆ ಪುಸ್ತಕವನ್ನು ಓಡಿಸೀತೇ ಎಂಬ ಪ್ರಶ್ನೆಗಿಂತ, ಎರಡರ ನಡುವೆ ಬಿದ್ದುಹೋಗುವ ಬರಹದ ಗತಿಯೇನು ಎಂಬ ಪ್ರಶ್ನೆ ನನಗೆ ಮುಖ್ಯವಾಗಿ ಕಾಣುತ್ತದೆ. ಮಹಾಕವಿಗಳ ಕೃತಿಗಳು ಎರಡು ಕಡೆಯೂ ಉಳಿದಾವು. ತಾಲ್ಲೂಕಿನ ಸಣ್ಣ ಮುದ್ರಣಾಲಯದಲ್ಲಿ ಕೆಲವೇ ನೂರು ಪ್ರತಿ ಅಚ್ಚಾದ ಸ್ಥಳಪುರಾಣ, ಶಾಲಾಮಾಸ್ತರರ ಶಬ್ದಸಂಗ್ರಹ, ನಾಲ್ಕು ಸಂಚಿಕೆ ಹೊರಟು ನಿಂತ ಮಾಸಪತ್ರಿಕೆ, ಇವು ಮರುಮುದ್ರಣವನ್ನೂ ಕಾಣಲಿಲ್ಲ, ತೆರೆಯನ್ನೂ ಏರಲಿಲ್ಲ. ಪುಟದ ಚಿತ್ರ ತೆಗೆದು ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಚಿತ್ರದಲ್ಲಿ ಪದವನ್ನು ಹುಡುಕಲಾಗದು. ಅಕ್ಷರಗಳನ್ನು ಗುರುತಿಸುವ ಯಂತ್ರ ನಮ್ಮ ಒತ್ತಕ್ಷರಗಳಲ್ಲಿ ಎಡವಿದಾಗ ತಿದ್ದುವುದಕ್ಕೆ ಕನ್ನಡ ಬಲ್ಲ ಕಣ್ಣೇ ಬೇಕು.

ಹೋದ ವಾರ ಶಿಷ್ಯ ಮತ್ತೆ ಬಂದ. ಕಪಾಟಿನ ಮೂಲೆಯಿಂದ ರಟ್ಟು ಹೋದ ಒಂದು ಪುಸ್ತಿಕೆಯನ್ನು ತೆಗೆದು, "ಇದು ನಿನ್ನ ಫೋನಿನಲ್ಲಿ ಇದೆಯೇನಪ್ಪ?" ಎಂದು ಕೇಳಿದೆ. ಅವನು ಬಹಳ ಹೊತ್ತು ಹುಡುಕಿದ, ಇರಲಿಲ್ಲ. ಅದನ್ನು ಬರೆದವರು ತೀರಿಕೊಂಡು 60 ವರ್ಷ ಮೀರಿದೆಯಾಗಿ, ಪ್ರತಿ ಮಾಡುವುದಕ್ಕೆ ಕಾಯಿದೆಯ ಅಡ್ಡಿಯೂ ಇಲ್ಲ. "ಒಂದು ತಿಂಗಳು ಕೊಡಿ ಸಾರ್. ಪುಟಗಳ ಚಿತ್ರ ತೆಗೆದು, ಬೆರಳಚ್ಚು ಮಾಡಿ, ತಿದ್ದಿ ತರುತ್ತೇನೆ" ಎಂದ.

ಓಲೆಯ ಪ್ರತಿ ಮುಗಿಸಿದ ಲಿಪಿಕಾರರು ಕೊನೆಯಲ್ಲಿ ತಮ್ಮ ಶ್ರಮವನ್ನು ಹೇಳಿಕೊಂಡು, ಗ್ರಂಥವನ್ನು ಕಾಪಾಡಿರೆಂದು ಓದುವವರನ್ನು ಬೇಡಿಕೊಳ್ಳುವುದುಂಟು. ಪುಸ್ತಿಕೆಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಡುವಾಗ ನಾನೂ ಅದನ್ನೇ ಹೇಳಿದೆ: "ಜೋಪಾನ, ಇರುವುದು ಇದೊಂದೇ."