ಮದಗದ ದಂಡೆಗೆ ಮತ್ತೆ ನಾಲ್ವರು

ಗಣಪತಿ ಹಬ್ಬಕ್ಕೆ ಊರಿಗೆ ಬಂದರೆ ಒಂದು ದಿನ ಮಾಸೂರಿನ ಮದಗದ ಕೆರೆಯಲ್ಲಿ ಗಾಳ ಹಾಕಲು ಎತ್ತಿಡುವುದು ನಮ್ಮ ನಾಲ್ವರ ಹಳೆಯ ಕರಾರು. ಹನ್ನೊಂದು ವರ್ಷ ಅದು ತಪ್ಪಿತ್ತು. ಈ ಸಲ ನಸುಕಿನಲ್ಲೇ ಅಬಲೂರಿನ ಸೋಮೇಶ್ವರ ಗುಡಿಯ ಮುಂದೆ ಕೂಡಿದೆವು. ಶಿವಶರಣ ಏಕಾಂತದ ರಾಮಯ್ಯನ ಪವಾಡ ಹೇಳುವ ಶಾಸನದ ಗುಡಿ ಅದು. ನಮ್ಮಲ್ಲಿ ಇಬ್ಬರ ಮನೆಯಲ್ಲಿ ಮೀನಿನ ಹೆಸರೂ ಎತ್ತುವಂತಿರಲಿಲ್ಲ. ಹೀಗಾಗಿ ಹುಡುಗರಾಗಿದ್ದಾಗ ಗಾಳದ ಕಡ್ಡಿಗಳನ್ನು ಗುಡಿಯ ಹಿಂದಿನ ಬೇಲಿಯಲ್ಲಿ ಬಚ್ಚಿಡುತ್ತಿದ್ದೆವು.

ಗೋವಿನಜೋಳದ ಹೊಲಗಳ ನಡುವೆ ಮಾಸೂರಿನ ದಾರಿ. ಸರ್ವಜ್ಞನ ತಂದೆ ಮಾಸೂರಿನವ, ತಾಯಿ ಅಬಲೂರಿನವಳು ಎಂಬ ಐತಿಹ್ಯ ಈ ಸೀಮೆಯ ಮಕ್ಕಳಿಗೆಲ್ಲ ಬಾಯಿಪಾಠ. ಮಾಸೂರು ದಾಟಿದರೆ ಗುಡ್ಡಗಳು ಹತ್ತಿರ ಸರಿಯುತ್ತವೆ. ಹೊಸನಗರದ ಕಡೆ ಹುಟ್ಟಿ, ಶಿಕಾರಿಪುರದ ಅಂಜನಾಪುರ ಜಲಾಶಯ ದಾಟಿ ಬರುವ ಕುಮುದ್ವತಿಯನ್ನು ಈ ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿ ಮದಗ ಕಟ್ಟಿದ್ದು ವಿಜಯನಗರದ ಕಾಲದಲ್ಲಿ. ಕೋಡಿ ಬಿದ್ದಾಗ ಜಲಪಾತ ನೋಡಲು ಜನ ಸಾಲುಗಟ್ಟುತ್ತಾರೆ. ನಮಗೆ ಬೇಕಾದದ್ದು ಅದರ ಹಿಂದಿನ ನಿಂತ ನೀರು.

ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿ, ಅವರು ತೋರಿಸಿದ ಮೂಲೆಯಲ್ಲಿ ಕುಳಿತೆವು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದ ಕೆಸರಿನಲ್ಲಿ. ಬೆಂಡನ್ನು ಎಷ್ಟು ಮೇಲೆ ಕಟ್ಟಬೇಕೆನ್ನುವುದು ಇದರ ಮೇಲೆಯೇ ನಿಂತಿದೆ. ಒಬ್ಬ ಜೋಳದ ಹಿಟ್ಟಿನ ಉಂಡೆ ಕಟ್ಟಿದ, ಇನ್ನೊಬ್ಬ ಎರೆಹುಳ ಪೋಣಿಸಿದ. ಒಂದು ತಾಸು ಯಾರೂ ಮಾತಾಡಲಿಲ್ಲ. ಫೋನಿನಲ್ಲಿ ಇಷ್ಟು ವರ್ಷ ಆಡಿದ ಮಾತಿಗಿಂತ ಆ ಒಂದು ತಾಸೇ ನನಗೆ ಹೆಚ್ಚು.

ಬಿಸಿಲೇರಿದಾಗ ಜೊಂಡಿನ ಸಂದಿಯಲ್ಲಿ ನೀರು ಕೆಂಪಗೆ ಕದಡಿದಂತೆ ಕಂಡಿತು. ಕೊರವ ಮೀನಿನ ಮರಿಗಳು! ಬೆರಳುದ್ದವೂ ಇಲ್ಲದ ನೂರಾರು ಮರಿ ಒಂದೇ ಮುದ್ದೆಯಾಗಿ ಮೇಲೆದ್ದು, ಗಾಳಿ ಗುಟುಕರಿಸಿ ಮತ್ತೆ ಇಳಿಯುತ್ತಿದ್ದವು. ಕಿವಿರಿನ ಉಸಿರೊಂದೇ ಕೊರವನಿಗೆ ಸಾಲದು. ಗಾಳಿಯನ್ನೂ ಉಸಿರಾಡುವುದರಿಂದಲೇ ಅದು ಬತ್ತಿದ ಕೆರೆಯ ಕೆಸರಿನಲ್ಲೂ ಬದುಕಿರುತ್ತದೆ. ಹಾನಗಲ್ಲು, ಸೊರಬದ ಕಡೆ ಬೇಸಗೆಯ ಕೆರೆಬೇಟೆಯಲ್ಲಿ ಕೂಣಿ ಎಂಬ ಬಿದಿರ ಬುಟ್ಟಿಗೆ ಸಿಗುತ್ತದೆ. ಮರಿಗಳ ಕೆಳಗೆ ತಾಯೋ ತಂದೆಯೋ ಕಾವಲಿಗಿರುತ್ತದೆ. ಮರಿಗಳ ನಡುವೆ ಏನು ಬಿದ್ದರೂ ಹಾರಿ ಕಚ್ಚುತ್ತದೆ, ಹಸಿವಿಗಲ್ಲ.

ಇದು ನಮಗೆ ಹನ್ನೆರಡರ ವಯಸ್ಸಿಗೇ ಗೊತ್ತಿತ್ತು. ಹಾಗೆಯೇ ಹಿಡಿಯುತ್ತಿದ್ದೆವು. ಒಂದು ಸಲ ಮೊಳದುದ್ದದ ಕೊರವನನ್ನು ಎಳೆದು ದಡಕ್ಕೆ ಹಾಕಿ ತಿರುಗಿ ನೋಡಿದರೆ, ಮರಿಗಳ ಮುದ್ದೆ ಅಲ್ಲೇ ಸುತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಚೆದುರಿತು. ಸಣ್ಣ ಮೀನುಗಳು ಅವನ್ನು ಹೆಕ್ಕಿ ತಿಂದವು. ಅಂದು ಸುಟ್ಟು ತಿಂದ ಮೀನಿನ ರುಚಿ ನೆನಪಿಲ್ಲ, ಆ ಸುತ್ತುವಿಕೆ ನೆನಪಿದೆ.

ಈಗ ನನ್ನ ಕೈ ತಾನಾಗಿಯೇ ಕಡ್ಡಿಯತ್ತ ಹೋಯಿತು. ‘ಬ್ಯಾಡೋ, ಬಿಡು’ ಎಂದ ಪಕ್ಕದಲ್ಲಿದ್ದವ. ಅಂದು ಆ ಮೀನು ಎಳೆದವನು ಅವನೇ.

ನಾಲ್ವರೂ ಗಾಳ ಮೇಲೆತ್ತಿದೆವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಕುಳಿತೆವು. ಕೆಂಪು ಮುದ್ದೆ ಜೊಂಡಿನ ಗುಂಟ ಮೆಲ್ಲಗೆ ಸರಿಯಿತು. ಅದರ ಕೆಳಗೊಂದು ಕಪ್ಪು ಬೆನ್ನು ಒಮ್ಮೆ ಹೊರಳಿ, ಆಳಕ್ಕಿಳಿಯಿತು.