ರಾಗಿಗೆ ಐದು, ವಡೆಗೆ ಎಂಟು

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಹೆಸರೂ ಸ್ಕ್ರ್ಯಾಬಲ್ ಮಣೆಯ ಮೇಲೆ ಸಲ್ಲುವುದಿಲ್ಲ. ಅಂಕಿತನಾಮಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಮದ್ದೂರಿನ ವಡೆ ಸಲ್ಲುತ್ತದೆ, ಮಳವಳ್ಳಿ ಹೊಲದ ರಾಗಿ ಸಲ್ಲುತ್ತದೆ, ಮಂಡ್ಯದ ಬೆಲ್ಲ ಸಿಕ್ಕಿದವರಿಗಂತೂ ಹಬ್ಬ.

ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದೆ ಕೂತಾಗ ಕಟ್ಟಿದ, ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಮಾಡುವ ಆಟ ಇದು. ಪತ್ರಿಕೆ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದರು. ಪದೇ ಪದೇ ಬರುವ ‘ಇ’ಗೆ ಒಂದೇ ಅಂಕ, 12 ಬಿಲ್ಲೆ, ಅಪರೂಪದ ‘ಕ್ಯೂ’, ‘ಝಡ್’ಗಳಿಗೆ ಹತ್ತತ್ತು ಅಂಕ, ಒಂದೊಂದೇ ಬಿಲ್ಲೆ. ಸ್ಕ್ರ್ಯಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ. ಮಣೆಯಲ್ಲಿ 225 ಮನೆ, ಚೀಲದಲ್ಲಿ 100 ಬಿಲ್ಲೆ, ಆಟಗಾರನ ಕೈಯಲ್ಲಿ ಏಳು.

ಇದರಲ್ಲಿ ಪಳಗಿದವರು ಷೇಕ್ಸ್‌ಪಿಯರನನ್ನು ಓದಿಕೊಂಡವರೇ ಆಗಬೇಕಿಲ್ಲ. 2007ರಲ್ಲಿ ಮುಂಬೈಯಲ್ಲಿ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್, 2015ರಲ್ಲಿ ಫ್ರೆಂಚ್ ಮಾತಾಡಲು ಬಾರದೆಯೇ ಫ್ರೆಂಚ್ ಭಾಷೆಯ ಪ್ರಶಸ್ತಿಯನ್ನೂ ಗೆದ್ದರು. ಪಟ್ಟಿ ಬಾಯಿಪಾಠವಾದರೆ ಸಾಕು, ಅರ್ಥ ಬೇಡ! ಗೆಲ್ಲುವುದಕ್ಕೆ ಅದು ಸರಿ. ಆದರೆ ಸಿ-ಡಬ್ಲ್ಯು-ಎಂ ಎಂದು ಸ್ವರವೇ ಇಲ್ಲದ ಮೂರಕ್ಷರ ಇಟ್ಟು, ಅದು ವೇಲ್ಸ್ ನಾಡಿನ ಬೋಗುಣಿಯಂಥ ಕಣಿವೆ ಎಂದು ತಿಳಿಯದೆ ಹೋದರೆ ಆಟ ಸಪ್ಪೆ ಎಂಬುದು ನನ್ನ ಅಭಿಪ್ರಾಯ.

ಈ ವಿಚಿತ್ರ ಪದಗಳ ಪಟ್ಟಿಯಲ್ಲಿ ನಮ್ಮವೂ ಉಂಟು. ರಾಗಿ ನಾಲ್ಕಕ್ಷರ, ಐದು ಅಂಕ. ಹಿಂದಿನವರು ಕಿವಿಗೆ ಬಿದ್ದಂತೆ ಬರೆದಿಟ್ಟ ‘ರಾಗೀ’, ‘ರಗ್ಗೀ’ ಎಂಬ ಬೇರೆ ಬೇರೆ ಕಾಗುಣಿತಗಳಿಗೂ ಮಾನ್ಯತೆಯಿದೆ. ‘ವಿ’ ಕೈಗೆ ಬಂದರೆ ಆಟಗಾರ ಗೊಣಗುತ್ತಾನೆ, ಅದನ್ನು ಹಾಕಿ ಮಾಡುವ ಎರಡಕ್ಷರದ ಪದ ಒಂದೂ ಇಲ್ಲ. ಆಗ ನೆರವಿಗೆ ಬರುವುದು ಬ್ರಿಟನ್ನಿನ ಕಾಲಿನ್ಸ್ ಪಟ್ಟಿಯಲ್ಲಿರುವ ‘ವಡಾ’, ಎಂಟು ಅಂಕ. ಅದು ಬೇಳೆ ರುಬ್ಬಿದ ವಡೆಯೋ, ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ ಕಲಸಿ ತಟ್ಟಿದ ಮದ್ದೂರಿನದೋ ಎಂದು ಯಾರೂ ಕೇಳುವುದಿಲ್ಲ.

ಇನ್ನು ಆಲೆಮನೆಯ ಸರಕು. ಸಂಸ್ಕೃತದ ಶರ್ಕರಾ ಮಲಯಾಳದಲ್ಲಿ ಚಕ್ಕರ ಆಗಿ, ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡು ಇಂಗ್ಲಿಷಿನ ‘ಜಾಗರಿ’ ಆಯಿತು. ಬರೆದರೆ ಸರಿಯಾಗಿ ಏಳಕ್ಷರ. ಏಳೂ ಬಿಲ್ಲೆ ಒಮ್ಮೆಗೇ ಇಟ್ಟರೆ 50 ಅಂಕ ಬೋನಸ್. ಆಟದ ಮೊದಲ ಪದ ನಡುಮನೆಯ ಮೇಲೆ ಹಾಯಲೇಬೇಕು, ಆ ಮನೆ ಇಡೀ ಪದದ ಅಂಕವನ್ನು ಇಮ್ಮಡಿಸುತ್ತದೆ. ಎಂಟಂಕದ ‘ಜೆ’ಯನ್ನು ಅಕ್ಷರದ ಅಂಕ ಇಮ್ಮಡಿಸುವ ಮನೆಯ ಮೇಲೆ ಕೂರಿಸಿ ಶುರು ಮಾಡಿದರೆ ಪದಕ್ಕೆ 54, ಬೋನಸ್ ಸೇರಿ 104. ಚೀಲದಲ್ಲಿರುವ ಒಂದೇ ‘ಜೆ’, ಮೂರೇ ‘ಜಿ’ಗಳಲ್ಲಿ ಎರಡು, ಎರಡೇ ‘ವೈ’ಗಳಲ್ಲಿ ಒಂದು ಮೊದಲ ಕೈಯಲ್ಲೇ ಬರಬೇಕಷ್ಟೆ!

ಕನ್ನಡಕ್ಕೆ ಇಂಥ ಬಿಲ್ಲೆ ಮಾಡುವುದು ಕಷ್ಟ. ಒಂದು ‘ಕ’ಕಾರಕ್ಕೇ ಕಾಗುಣಿತದುದ್ದ ಬಿಲ್ಲೆ ಬೇಕು, ಒತ್ತಕ್ಷರ ಬೇರೆ. ನಮ್ಮ ಪತ್ರಿಕೆಗಳ ಪದಬಂಧ ಇದನ್ನು ಸುಲಭವಾಗಿ ಬಗೆಹರಿಸಿಕೊಂಡಿದೆ: ಒತ್ತು, ಸೊನ್ನೆ ಏನಿದ್ದರೂ ಒಂದಕ್ಷರಕ್ಕೆ ಒಂದೇ ಮನೆ.

ಹೊಸದಾಗಿ ಕಲಿಯುವ ಮಂಡ್ಯದ ಮಕ್ಕಳು ನಾಲೆಯ ಬದಿಯಿಂದಲೇ ಶುರುಮಾಡಬಹುದು. ಅಣೆಕಟ್ಟು ಕಾಲಿನ್ಸ್ ಪಟ್ಟಿಯಲ್ಲಿ ‘ಆನಿಕಟ್’ ಆಗಿದೆ, ಎಂಟು ಅಂಕ. ‘ತಾಲೂಕ್’ಗೆ ಒಂಬತ್ತು. ಎದುರಾಳಿ ಅದನ್ನು ಇಟ್ಟನೆಂದರೆ ಸುಮ್ಮನಿರಬೇಡಿ: ಕೊನೆಗೊಂದು ‘ಎ’ ಅಂಟಿಸಿ ‘ತಾಲೂಕಾ’ ಮಾಡಿ, ಹತ್ತು ಅಂಕ ನಿಮ್ಮದು.