ತೆಂಗಿನ ತೋಟದ ತಿಳಿವಳಿಕೆ ದಾಖಲೆಗೆ ಬರುವುದು ಹೇಗೆ?

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಕಡೆ ಮಳೆ ಕೈಕೊಟ್ಟರೆ ತೆಂಗಿಗೆ ಬಿದ್ದ ಪೆಟ್ಟು ಪೂರ್ತಿ ಆ ವರ್ಷವೇ ಗೊತ್ತಾಗುವುದಿಲ್ಲ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಆ ಹೊಂಬಾಳೆ ಸುಳಿಯೊಳಗೆ ಮೂಡಲು ಶುರುವಾಗಿರುವುದು ಅದು ಒಡೆಯುವುದಕ್ಕೂ ಸುಮಾರು ಎರಡೂವರೆ ವರ್ಷ ಹಿಂದೆ. ಹಾಗಾಗಿ ಬರ ಕಂಡ ಮರ, ಮಳೆ ಬಂದ ಮೇಲೂ ಎರಡು ಮೂರು ವರ್ಷ ಕಾಯಿ ಕಡಿಮೆ ಬಿಡಬಹುದು. ಬರದಲ್ಲಿ ಸಣ್ಣಗಾದ ಕಾಂಡ ಆ ಜಾಗದಲ್ಲಿ ಮತ್ತೆ ದಪ್ಪವಾಗುವುದೂ ಇಲ್ಲ. ಒಂದು ವರ್ಷದ ಮಳೆ ಲೆಕ್ಕ ಇದನ್ನೆಲ್ಲ ಹೇಳದು. ತೋಟ ಮಾಡಿದವರು ಹೇಳಬಲ್ಲರು.

ಅವರ ಮಾತು ಕಾಗದಕ್ಕೆ ಬರಲು ಕಾನೂನಿನ ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್‌ ಪ್ರಕಾರ ಸ್ಥಳೀಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರವರನ್ನು ಕೇಳಿ ‘ಜನತಾ ಜೀವವೈವಿಧ್ಯ ದಾಖಲಾತಿ’ ಬರೆಯುವುದು ಅದರ ಕೆಲಸ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ದಾಖಲಾತಿಗೆ 2020ರ ಜನವರಿ 31ರ ಗಡುವು ಹಾಕಿದಾಗ ದೇಶದ ಎಷ್ಟೋ ಕಡೆ ಬರವಣಿಗೆ ಅವಸರದಲ್ಲಿ ಮುಗಿಯಿತು. ಆದ್ದರಿಂದ ಮೊದಲು ಪಂಚಾಯಿತಿಗೆ ಹೋಗಿ ನಿಮ್ಮ ಊರಿನ ದಾಖಲಾತಿ ಪುಸ್ತಕ ತೆಗೆಸಿ ಓದಿ.

ಅದರಲ್ಲಿ ‘ತೆಂಗು’ ಎಂಬ ಹೆಸರಷ್ಟೇ ಇದ್ದರೆ ಏನೂ ಬರೆದಂತಾಗಲಿಲ್ಲ. ಭರಣಿ ನಕ್ಷತ್ರದ ಮಳೆ ಹೇಗೆ ಬಂತು, ಹಸ್ತದ ಮಳೆ ಎಷ್ಟು ಸುರಿಯಿತು, ಹರಳು (ಎಳೆಗಾಯಿ) ಯಾವಾಗ ಉದುರಿತು, ಕೆರೆಗೋಡು (ಕೆರೆಯ ಹೂಳು) ಹೊಡೆಸಿದ ತೋಟ ಎಷ್ಟು ತಡೆದುಕೊಂಡಿತು, ಸಿಪ್ಪೆ ಹೂತ ಪಾತಿ ಎಷ್ಟು ದಿನ ತೇವ ಹಿಡಿಯಿತು, ಅಟ್ಟದ ಕಾಯಿ ಉಂಡೆ ಕೊಬ್ಬರಿಯಾಗಲು ಎಷ್ಟು ತಿಂಗಳು ತೆಗೆದುಕೊಂಡಿತು, ಇವೆಲ್ಲ ವರ್ಷದ ಸಮೇತ ಸೇರಬೇಕು. ತೋಟದ ಒಡೆಯರನ್ನು ಮಾತ್ರ ಕೇಳಿದರೆ ಸಾಲದು. ಸುಳಿ, ಹೊಂಬಾಳೆಗಳನ್ನು ಹತ್ತಿರದಿಂದ ನೋಡುವವರು ಕಾಯಿ ಕೀಳುವವರು. ಅವರಿಗೆ ಒಂದು ಗುಂಟೆ ಜಮೀನು ಇಲ್ಲದಿದ್ದರೂ ಅವರ ಮಾತಿಗೆ ಮೊದಲ ಜಾಗ ಸಿಗಬೇಕೆಂದೇ ನನ್ನ ವಾದ. ಹೇಳಿದವರ ಒಪ್ಪಿಗೆ ಪಡೆದೇ ಬರೆಯಬೇಕು. ನಾಟಿ ಔಷಧಿಯಂಥ ಮನೆತನದ ತಿಳಿವಳಿಕೆಯನ್ನು ಗುಟ್ಟಾಗಿಡಿ ಎಂದು ಕೇಳಬಹುದು.

ಹೇಳುವ ಹಕ್ಕಿನಷ್ಟೇ ಕೇಳಿ ತಿಳಿಯುವ ಹಕ್ಕೂ ಮುಖ್ಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ; ಅದರ ‘ವರುಣಮಿತ್ರ’ ಸಹಾಯವಾಣಿಗೆ ಫೋನು ಮಾಡಿದರೆ ಮಳೆಯ ಮುನ್ಸೂಚನೆ ಸಿಗುತ್ತದೆ. ಮಳೆಯ ಹಳೆಯ ಅಂಕಿಅಂಶ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲೇ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಹಾಗೆ ಸಿಕ್ಕ ಅಂಕಿಅಂಶವನ್ನು ನಿಮ್ಮ ನಕ್ಷತ್ರವಾರು ಮಳೆ ಲೆಕ್ಕದ ಪಕ್ಕದಲ್ಲಿಟ್ಟು, ಮುಂದಿನ ಗ್ರಾಮಸಭೆಯಲ್ಲಿ ಎರಡನ್ನೂ ಗಟ್ಟಿಯಾಗಿ ಓದಿಸಿ, ನಡಾವಳಿಯಲ್ಲಿ ಬರೆಸಿ.